ಕಿಟಕಿಯ ಮುಂದಿನ ಚಪ್ಪಲಿಗಳು

ನನಗೆ ಒಂದೇ ಹೊತ್ತಿಗೆ ಇಬ್ಬರ ಮಾತು ಕೇಳಲಾಗುವುದಿಲ್ಲ. ಎರಡೂ ಸೇರಿ ಬರೀ ಗದ್ದಲವಾಗುತ್ತದೆ, ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತೇನೆ. ಸಣ್ಣವಳಿದ್ದಾಗ ಅವ್ವ ಅಬ್ಬೆತುಮಕೂರಿನ ಮಠಕ್ಕೆ ಕರೆದೊಯ್ದು ದಾರ ಕಟ್ಟಿಸಿದ್ದಳು. ಮೂವತ್ತು ದಾಟಿದ ಮೇಲೆ ಕಲಬುರಗಿಯ ಡಾಕ್ಟರೊಬ್ಬರು, 'ಇದು ರೋಗ ಅಲ್ಲವ್ವಾ. ನಿನ್ನ ಮೆದುಳು ಹುಟ್ಟಾ ಹಿಂಗ ಅದ. ಆಟಿಸಂ ಅಂತಾರ' ಎಂದರು. ಊರವರು ಅದಕ್ಕೆ ಮೊದಲೇ ಹೆಸರಿಟ್ಟಿದ್ದರು: ಧಿಮಾಕು. ಇಟ್ಟುಕೊಳ್ಳಲಿ ಬಿಡಿ.

ಕೆಲಸ ಸಿಕ್ಕಿದ್ದು ಶಹಾಪುರದಲ್ಲಿ, ಕಾಲುವೆ ನೀರಿನ ಕಚೇರಿಯಲ್ಲಿ. ಯಾರ ಹೊಲಕ್ಕೆ ಯಾವ ದಿನ ನೀರು ಎಂದು ಪಾಳಿ ಬರೆಯುವ ಕ್ಲರ್ಕು ನಾನು. ನಮ್ಮ ಕಡೆ ನೀರು ಕೇಳಲು ಒಬ್ಬರು ಬರುವುದಿಲ್ಲ, ಊರೇ ಬರುತ್ತದೆ. ಬಂದವರೆಲ್ಲ ಕಿಟಕಿಗೆ ಬಾಯಿ ಹಚ್ಚಿ ಒದರುತ್ತಾರೆ. ಮೊದಲ ತಿಂಗಳು ದಿನಾ ಕಚೇರಿಯ ಹಿಂದೆ ನಿಂತು ಅತ್ತೆ. ಆಮೇಲೆ ಸಿಟ್ಟು ಬಂತು. ಕಿವಿಗೆ ಅರಳೆ ತುರುಕಿಕೊಂಡು ಹೊರಗೆ ಬಂದು ಹೇಳಿದೆ:

'ಚಪ್ಪಲಿ ಇಲ್ಲೇ ಸಾಲಾಗಿ ಬಿಡ್ರಿ. ನೀವು ಬೇವಿನ ನೆರಳಿಗೆ ಕುಂದ್ರಿ. ಮುಂದಿನ ಚಪ್ಪಲಿ ಯಾರದೋ ಅವರಷ್ಟೇ ಬರ್ರಿ.'

ಬೈದರು, ನಕ್ಕರು, ಆದರೂ ಚಪ್ಪಲಿ ಬಿಟ್ಟರು. ವಾರದೊಳಗೆ ರೂಢಿಯಾಯಿತು.

ಹೊಸ ಸಾಹೇಬರು ಬಂದವರೇ ಆ ಸಾಲು ಕಂಡು ಕೆಂಡವಾದರು. 'ಆಫೀಸೋ, ಚಪ್ಪಲಿ ಅಂಗಡಿಯೋ? ನಾಳಿಂದ ಇವು ಇಲ್ಲಿ ಇರಬಾರದು. ಕಿವ್ಯಾಗಿನ ಅರಳೀನೂ ತೆಗೀರಿ. ಆಗಂಗಿಲ್ಲಂದ್ರ ಕಿಟಕಿ ಬಿಟ್ಟು ಹಳೇ ಕಾಗದದ ಕೋಣ್ಯಾಗ ಕುಂದ್ರಿ.'

ಕಿಟಕಿ ಬಿಡಬೇಕೇ? ನಮ್ಮೂರು ಸುರಪುರದಿಂದ ದಿನಾ ಬಸ್ಸಿನ ಹಾರ್ನು ಸಹಿಸಿಕೊಂಡು ಬರುತ್ತಿದ್ದದ್ದೇ ಆ ಕಿಟಕಿಗಾಗಿ.

ಮರುದಿನ ಚಪ್ಪಲಿ ಸಾಲಿಲ್ಲ, ಅರಳೆಯೂ ಇಲ್ಲ. ಸಗರದವರೂ ಪಕ್ಕದೂರಿನವರೂ ಒಟ್ಟಿಗೆ ಕಿಟಕಿಗೆ ಮುಗಿಬಿದ್ದರು. ಆ ಗದ್ದಲದಲ್ಲಿ ಒಂದೇ ದಿನದ ನೀರನ್ನು ಎರಡೂ ಊರಿಗೆ ಬರೆದುಬಿಟ್ಟೆ. ತಪ್ಪು ಕಂಡ ಕೂಡಲೇ ಗೀಟು ಹೊಡೆದು, ಎದ್ದು, ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಸಾಹೇಬರು ಓಡಿ ಬಂದರು.

'ಯಾಕ ಮುಚ್ಚಿದ್ರಿ? ಬರದು ಕೊಡ್ರಿ ನನಗ!'

ಕೊಟ್ಟೆ. ಅಕ್ಷರ ನೆಟ್ಟಗಿದ್ದವು. 'ನನಗೆ ಒಂದು ಸಲಕ್ಕೆ ಒಬ್ಬರ ಮಾತಷ್ಟೇ ಕೇಳಿಸುತ್ತದೆ. ಆ ಒಬ್ಬರದ್ದನ್ನು ಪೂರ್ತಿ ಕೇಳುತ್ತೇನೆ. ಚಪ್ಪಲಿ ಸಾಲು ಇದ್ದ ದಿನಗಳ ಪಟ್ಟಿಯಲ್ಲಿ ಒಂದೇ ಒಂದು ತಪ್ಪು ತೋರಿಸಿ, ನಾನೇ ಕಿಟಕಿ ಬಿಡುತ್ತೇನೆ.' ಕ್ಷಮೆ ಎಂಬ ಶಬ್ದ ಬರೆಯಲಿಲ್ಲ. ಯಾಕೆ ಬರೆಯಲಿ?

ಸಾಹೇಬರು ಮಧ್ಯಾಹ್ನದವರೆಗೆ ಹಳೆಯ ಪಟ್ಟಿಗಳನ್ನು ತಿರುವಿದರು. ನಾನು ಅರಳೆ ಹಾಕಿಕೊಂಡು ಮುಚ್ಚಿದ ಕಿಟಕಿಯ ಹಿಂದೆಯೇ ಕೂತಿದ್ದೆ. ಕೊನೆಗೆ ಅವರು ಪಟ್ಟಿಗಳನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದರು. ಒಂದರಲ್ಲೂ ತಪ್ಪಿನ ಗುರುತು ಇರಲಿಲ್ಲ.

ಕಿಟಕಿ ತೆರೆದೆ. ಉರಿಬಿಸಿಲಿನ ಅಂಗಳದಲ್ಲಿ ಚಪ್ಪಲಿಗಳು ಸಾಲಾಗಿದ್ದವು. ಯಾರೂ ಹೇಳಿರಲಿಲ್ಲ. ಮುಂದಿನ ಜೋಡಿಯ ಒಡೆಯ, ಸಗರದ ಮುದುಕ, ಬರಿಗಾಲಲ್ಲಿ ಕುಪ್ಪಳಿಸುತ್ತ ಬಂದು ಕಿಟಕಿಯ ಸರಳು ಹಿಡಿದ.

'ಅರಳಿ ಹಾಕ್ಕೊಂಡಿ ಏನವ್ವಾ? ಹಂಗಾರ ಹೇಳ್ತೀನಿ, ಬರಕೋ. ಲಗೂನ ಬರಕೋ ತಾಯಿ, ಕಾಲು ಸುಡಾಕತ್ತಾವ!'