ಮೊದಲು ನೀವು ಹಾಡ್ರಿ, ಅಕ್ಕೋರ

ಕಳೆದ ತಿಂಗಳು ಒಂದು ಗುರುವಾರ ಸಂಜೆ, ಬೈಲಹೊಂಗಲದ ಮೈಕ್ ಸೆಟ್ ಅಂಗಡಿಯೊಂದರಲ್ಲಿ, ನಾಲ್ಕನೇ ಇಯತ್ತೆ ಓದುವ ಹುಡುಗಿಯೊಬ್ಬಳ ಮುಂದೆ ನಾನು ಕಿವಿ ಹಿಡಿದುಕೊಂಡು ನಿಂತೆ. ಮೂವತ್ತಮೂರು ವರ್ಷ ಶಿಕ್ಷಕಿಯಾಗಿದ್ದವಳು ನಾನು. ಎಷ್ಟು ಮಕ್ಕಳ ಕೈಯಲ್ಲಿ ಕಿವಿ ಹಿಡಿಸಿದ್ದೇನೋ! ನನ್ನ ಕಿವಿಯನ್ನು ನಾನೇ ಹಿಡಿದದ್ದು ಇದೇ ಮೊದಲು.

ಕಾರಣ? ಕರೋಕೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಾಡಿನ ವಾದ್ಯಗಳೆಲ್ಲ ಸಿ.ಡಿ.ಯಲ್ಲಿ ಇರುತ್ತವೆ, ಹಾಡುವ ದನಿ ಮಾತ್ರ ಇರುವುದಿಲ್ಲ. ಅದನ್ನು ನಾವು ತುಂಬಬೇಕು. ಮೊದಲು ಶಾಲೆಯ ವಾರ್ಷಿಕೋತ್ಸವ, ನಮ್ಮ ಕಡೆಯ ಗ್ಯಾದರಿಂಗ್, ಬಂತೆಂದರೆ ಹಾರ್ಮೋನಿಯಂ ನುಡಿಸಲು ಪೇಟಿ ಮಾಸ್ತರರು ಬರುತ್ತಿದ್ದರು. ಮಗು ತಡವರಿಸಿದರೆ ಅವರ ಬೆರಳೂ ತಡವರಿಸುತ್ತಿತ್ತು. ಎರಡು ವರ್ಷದಿಂದ ಅವರ ಜಾಗದಲ್ಲಿ ಈ ಸಿ.ಡಿ. ಬಂದು ಕೂತಿದೆ.

ನಾನು ನಿವೃತ್ತಳಾಗಿ ಆರು ವರ್ಷವಾಯಿತು. ಆದರೂ ಗ್ಯಾದರಿಂಗ್ ಹತ್ತಿರ ಬಂತೆಂದರೆ ಯಾರು ಏನು ಹಾಡಬೇಕು ಎಂಬ ಪಟ್ಟಿ ಮಾಡುವುದು ನಾನೇ. (ಬೇರೆಯವರು ಮಾಡಿದ ಪಟ್ಟಿ ನನಗೆ ಸೇರುವುದಿಲ್ಲ. ಹಾಳೆಯ ಅಂಚಿಗೆ ಸಮಾಸು ಕೂಡ ಬಿಟ್ಟಿರುವುದಿಲ್ಲ.) ಟ್ರೇನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಐದು ಗಂಟೆಯ ಗಂಟೆ ಕೇಳಿ ಏಳುವುದನ್ನು ಕಲಿತವಳು. ಈಗಲೂ ಐದಕ್ಕೇ ಏಳುತ್ತೇನೆ. ಪಟ್ಟಿ ಮಾಡುವಾಗಲೂ ನನ್ನದೊಂದು ನಿಯಮವಿತ್ತು. ಜಾಣ ಮಗುವಿಗೆ ಕಠಿಣ ಹಾಡು. ಪರೀಕ್ಷೆಯಲ್ಲಿ ಜಾಣರು ಕಠಿಣ ಪ್ರಶ್ನೆ ಬಿಡಿಸುವುದಿಲ್ಲವೇ? ಹಾಗೆ.

ಹೋದ ವರ್ಷ ಎಲ್ಲರಿಗಿಂತ ಜಾಣೆ ರೇಣುಕಾ. ಸಿರಸಂಗಿ ಕಡೆಯಿಂದ ಬಂದು ನಮ್ಮ ಓಣಿಯಲ್ಲಿ ನೆಲೆಸಿರುವ ಶಾಂತವ್ವನ ಮಗಳು. ಇಡೀ ಶಾಲೆಯ ಪ್ರಾರ್ಥನೆ ಆಕೆಯ ದನಿ ಹಿಡಿದು ನಡೆಯುತ್ತಿತ್ತು. ಆಗ ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಹಾಡನ್ನು ಆಕೆಗೆ ಕೊಟ್ಟೆ. ಎಂಟು ದಿನದಲ್ಲಿ ಬಾಯಿಪಾಠ ಮಾಡಿ, ನನ್ನ ಮನೆಯ ಕಟ್ಟೆಯ ಮೇಲೆ ಕೂತು ಒಂದು ತಪ್ಪಿಲ್ಲದೆ ಹಾಡಿದಳು. ನಾನು ಪಟ್ಟಿಯಲ್ಲಿ ಟಿಕ್ ಹಾಕಿದೆ.

ಕಟ್ಟೆಯ ಮೇಲೆ ಸಿ.ಡಿ. ಇರಲಿಲ್ಲ. ನನಗೆ ಹೊಳೆಯದೇ ಹೋದದ್ದು ಇದೇ.

ಸ್ಟೇಜಿನ ಮೇಲೆ ವಾದ್ಯಗಳು ಸುರುವಾದವು. ದೊಡ್ಡ ಗಾಯಕಿಯ ಶ್ರುತಿ. ಎಂಟು ವರ್ಷದ ಮಗು ಎಲ್ಲಿ ಮುಟ್ಟೀತು? ನಡುವಿನ ಉದ್ದನೆಯ ವಾದನ ಮುಗಿಯುವ ಮೊದಲೇ ಚರಣ ಎತ್ತಿಕೊಂಡಳು. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಜನ ನಕ್ಕರು. ಹುಡುಗಿ ಮೈಕ್ ಹಿಡಿದು ಸುಮ್ಮನೆ ನಿಂತಳು. ಹಾಡು ಆಕೆಯನ್ನು ಅಲ್ಲಿಯೇ ಬಿಟ್ಟು ಕೊನೆಯವರೆಗೆ ಹೋಯಿತು.

'ಮಕ್ಕಳು, ಮರೆತುಬಿಡುತ್ತಾರೆ' ಎಂದುಕೊಂಡೆ. ನೀವೂ ಹಾಗೆಯೇ ಅಂದುಕೊಳ್ಳುತ್ತಿದ್ದಿರಿ, ಅಲ್ಲವೇ?

ಈ ವರ್ಷ ಪಟ್ಟಿ ಮಾಡಲೆಂದು ಶಾಲೆಗೆ ಹೋದಾಗ ಪ್ರಾರ್ಥನೆ ನಡೆದಿತ್ತು. ರೇಣುಕಾಳ ಪಕ್ಕದಲ್ಲೇ ನಿಂತೆ. ತುಟಿಗಳು ಅಲುಗುತ್ತಿದ್ದವು. ದನಿ ಇರಲಿಲ್ಲ. ವಿಚಾರಿಸಿದರೆ, ಹೋದ ಗ್ಯಾದರಿಂಗಿನಿಂದ ಹಾಗೆಯೇ ಅಂತೆ. ಒಂದು ವರ್ಷ! ಇನ್ನೂ ಒಂದು ವರ್ಷ ಹೀಗೆಯೇ ಹೋದರೆ ಆ ದನಿ ಮತ್ತೆ ಬರುತ್ತದೆಂದು ಯಾರು ಹೇಳಬೇಕು?

ನೇರವಾಗಿ ಮೈಕ್ ಸೆಟ್ಟಿನ ಬಾಬುಸಾಬರ ಅಂಗಡಿಗೆ ನಡೆದೆ. ನಮ್ಮ ಊರಿನ ಲಗ್ನ, ಉರುಸು, ಗ್ಯಾದರಿಂಗ್ ಎಲ್ಲಕ್ಕೂ ಇವರದೇ ಮೈಕು. ಹೋದ ವರ್ಷ ಸಿ.ಡಿ. ಹಾಕಿದ್ದವರೂ ಇವರೇ.

"ಈ ಸಲ ಆ ಹುಡುಗಿ ತಪ್ಪಬಾರದು ಬಾಬುಸಾಬ. ಯಾವ ಹಾಡು ಕೊಡೂಣು?"

"ಹೋದ ವರ್ಷ ಹುಡುಗಿ ಎಲ್ಲಿ ತಪ್ಪಿದ್ಲರಿ ಅಕ್ಕೋರ? ತಪ್ಪಿದವ್ರು ನೀವು."

ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಮುಖದ ಮೇಲೆ ಹೇಳಿರಲಿಲ್ಲ.

"ಸಿಟ್ಟಾಗಬ್ಯಾಡ್ರಿ. ಅದೇ ಸಿ.ಡಿ. ಹಾಕತೇನಿ. ಒಮ್ಮೆ ನೀವು ಹಾಡಿ ನೋಡ್ರಲ್ಲ."

"ನಾನ?"

"ಮತ್ತ? ಯಾರಿಗಿ ಕೊಡ್ತೀರೋ ಕೊಡ್ರಿ, ಮೊದಲ ನೀವು ಹಾಡ್ರಿ."

ಮೈಕ್ ಕೈಗೆ ಬಂತು. ಪಲ್ಲವಿಯನ್ನು ಮೊದಲೇ ಎತ್ತಿಕೊಂಡೆ. ಸರಿಮಾಡಿಕೊಳ್ಳುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿತ್ತು. ಚರಣಕ್ಕೆ ಉಸಿರೇ ಸಾಲಲಿಲ್ಲ. ಎದುರಿನ ಗಿರಣಿಯಲ್ಲಿ ಜೋಳದ ಡಬ್ಬಿ ಹಿಡಿದು ಪಾಳಿ ಹಚ್ಚಿ ಸಾಲಾಗಿ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕಿವಿ ಬಿಸಿಯಾಯಿತು. ನಾನು ಅರವತ್ತು ದಾಟಿದವಳು, ಅದೂ ಗಿರಣಿಯ ಎದುರು. ರೇಣುಕಾ ಎಂಟು ವರ್ಷದವಳು, ಇಡೀ ಊರಿನ ಎದುರು.

ಮರುದಿನದಿಂದ ದಿನಾಲೂ ಸಂಜೆ ನಾಲ್ಕರಿಂದ ಐದು, ಬಾಬುಸಾಬರ ಅಂಗಡಿ. ಒಂದೊಂದು ಹಾಡನ್ನೂ ನಾನೇ ಹಾಡಿ ನೋಡಿದೆ. ನಡೆಯುತ್ತ ಹಾಡಿದರೂ ಏದುಸಿರು ಹತ್ತದ ಹಾಡು ಇರಲಿ. ಬಹಳ ಮೇಲೆ ಹೋಗದೆ, ಬಹಳ ಕೆಳಗೂ ಇಳಿಯದೆ ಮಾತಿನ ಮಟ್ಟದಲ್ಲೇ ನಡೆಯುವುದು ಇರಲಿ. ಪಲ್ಲವಿ ಮತ್ತೆ ಮತ್ತೆ ಬಂದರೆ ಒಳ್ಳೆಯದು, ಮರೆತ ಮಗುವಿಗೆ ನಿಲ್ಲಲು ಜಾಗ ಸಿಗುತ್ತದೆ. ನಡುವಿನ ವಾದನ ಉದ್ದವಿದ್ದರೆ ಬೇಡವೇ ಬೇಡ. ಇಪ್ಪತ್ತಾರು ಹಾಡುಗಳಲ್ಲಿ ಒಂಬತ್ತು ಉಳಿದವು. ರೇಣುಕಾಳಿಗೆಂದು ತೆಗೆದಿಟ್ಟದ್ದು ಕರುವಿನ ಮೇಲಿನ ಒಂದು ಪುಟ್ಟ ಹಾಡು.

ಆದರೆ ಹುಡುಗಿ ಒಪ್ಪಬೇಕಲ್ಲ?

"ಬ್ಯಾಡ್ರಿ ಅಕ್ಕೋರ, ಮೈಕ್ ಅಂದ್ರ ಅಳತಾಳ್ರಿ ಆಕಿ" ಎಂದಳು ಶಾಂತವ್ವ.

"ಹಾಡಾಕಿ ನಾ. ಆಕಿ ಬರೇ ಕುಂತು ಕೇಳಲಿ."

ಅದೇ ಆ ಗುರುವಾರ. ಕಿವಿ ಹಿಡಿದುಕೊಂಡು, "ಹೋದ ವರ್ಷದ ತಪ್ಪು ನಂದವ್ವಾ, ನಿಂದಲ್ಲ" ಎಂದೆ. ಆಕೆ ತಲೆ ಎತ್ತಲಿಲ್ಲ. ಹೋದ ವರ್ಷದ ಆ ಹಾಡನ್ನೇ ಆಕೆಯ ಮುಂದೆ ಹಾಡಿದೆ. ಮೊದಲಿನಂತೆಯೇ ಹದಗೆಟ್ಟಿತು. ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಳು!

ಆಮೇಲೆ ಕರುವಿನ ಹಾಡು. ಎತ್ತಿಕೊಂಡದ್ದೇ ತಡ, ಹುಡುಗಿ ತಡೆದಳು: "ಅಲ್ಲಲ್ರಿ ಅಕ್ಕೋರ! ಡೋಲಕ್ ಎರಡ ಸಲ ಬಡೀತದ. ಒಂದಕ್ಕ ಯಾಕ ಎತ್ತಕೋತೀರಿ?"

"ಹಂಗಾರ ನೀನ ತೋರ್ಸು."

ತೋರಿಸಿದಳು. ಬಾಬುಸಾಬ ಸದ್ದಿಲ್ಲದೆ ಮೈಕಿನ ದನಿ ಏರಿಸಿದರು. ಗಿರಣಿಯ ಪಾಳಿ ಇತ್ತ ತಿರುಗಿತು. ಈ ಸಲ ಯಾರೂ ನಗಲಿಲ್ಲ. (ಬೇಕಂತಲೇ ತಪ್ಪಿದಿರೇನ್ರಿ ಎಂದು ಬಾಬುಸಾಬ ಆಮೇಲೆ ಕೇಳಿದರು. ಇಲ್ಲ. ನಿಜವಾಗಿಯೂ ತಪ್ಪಿದ್ದೆ.)

ಕಳೆದ ಶನಿವಾರ ಗ್ಯಾದರಿಂಗ್. ರೇಣುಕಾ ಸ್ಟೇಜಿಗೆ ಬಂದಳು. ಡೋಲಕ್ ಎರಡು ಸಲ ಬಡಿಯಿತು. ಸರಿಯಾಗಿ ಎತ್ತಿಕೊಂಡಳು. ಎರಡನೇ ಸಲ ಪಲ್ಲವಿಗೆ ಬರುವಷ್ಟರಲ್ಲಿ ಕಣ್ಣು ತೆರೆದು ಜನರನ್ನು ನೋಡುತ್ತಲೇ ಹಾಡುತ್ತಿದ್ದಳು.

"ಇಂಥಾ ಶಾಣ್ಯಾ ಹುಡುಗಿಗಿ ಇಷ್ಟ ಸರಳ ಹಾಡ ಕೊಟ್ಟಾರಲ್ಲ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಹೋದ ವರ್ಷವಾದರೆ ಅದು ನನ್ನದೇ ಮಾತು. ಈ ವರ್ಷ ಅದು ನನಗೆ ಸಿಕ್ಕ ಶಾಲಿನಂತೆ ಕೇಳಿಸಿತು.

ಹಾಡು ಮುಗಿಯಿತು. ಚಪ್ಪಾಳೆಯೂ ಮುಗಿಯಿತು. ಹುಡುಗಿ ಇಳಿಯಲಿಲ್ಲ. ಮೈಕಿನಲ್ಲೇ ಕೇಳಿದಳು: "ಅಕ್ಕೋರ, ಇನ್ನೊಂದು ಹಾಡ್ಲೇನ್ರಿ?"

ನನ್ನ ಪಟ್ಟಿಯಲ್ಲಿ ಮುಂದಿನದು ಲೇಜಿಮ್ ಕುಣಿತ. ವೇಳೆ ಆಗಲೇ ನಾಲ್ಕು ನಿಮಿಷ ಮೀರಿತ್ತು. ಪಟ್ಟಿಯನ್ನು ಮಡಿಚಿ ಪರ್ಸಿನಲ್ಲಿಟ್ಟು, ಹಾಡು ಎಂದು ಕೈ ಮಾಡಿದೆ. ಮುಖದ ಮೇಲೆ ತಪ್ಪು ಹೇಳುವ ಬಾಬುಸಾಬರಂಥವರು, ಕಿವಿ ಹಿಡಿದವಳನ್ನು ನಕ್ಕು ಬಿಟ್ಟುಬಿಡುವ ಮಕ್ಕಳು ಇದೇ ಊರಿನಲ್ಲಿ ಇದ್ದಾರಲ್ಲ, ಅದು ನನ್ನ ಪುಣ್ಯ.

ಅಂದಹಾಗೆ, ನಿಮ್ಮ ಮಗುವಿಗೆ ನೀವು ಆರಿಸಿಟ್ಟಿರುವ ಹಾಡನ್ನು ಒಮ್ಮೆಯಾದರೂ ನೀವು ಮೈಕ್ ಹಿಡಿದು ಹಾಡಿ ನೋಡಿದ್ದೀರಾ?