ಮದ್ದು ಬೀಳದ ಸಾಲು

ಇಸಬೆಲಾ ಪ್ರಾಂತ್ಯದ ಬಯಲಿನಲ್ಲಿ ಇನ್ನೂ ಮಂಜು. ರೊಸೆಂಡಾ ಮಾಗಿಗಾದ್ ಮೆಕ್ಕೆಜೋಳದ ದಂಟೊಂದನ್ನು ಬುಡದಿಂದ ತುದಿಯವರೆಗೆ ಸೀಳುತ್ತಾರೆ. ಒಳಗಿನ ಬೆಂಡು ಬೆಳ್ಳಗಿದೆ. ಇನ್ನೊಂದನ್ನು ಸೀಳುತ್ತಾರೆ. ಅದೂ ಬೆಳ್ಳಗೆ. ಅವರ ಮುಖ ಸಣ್ಣದಾಗುತ್ತದೆ.

ಹುಳ ಕಾಣದಿದ್ದರೆ ಹೆದರುವವರು ಈ ಊರಲ್ಲಿ ಇವರೊಬ್ಬರೇ. ಕಾಂಡ ಕೊರೆಯುವ ಹುಳಕ್ಕೆ ಯಾವ ಮದ್ದು ನಾಟುತ್ತದೆಂದು ಸಂಶೋಧನಾ ಕೇಂದ್ರದವರು ಇಲ್ಲಿ ಪರೀಕ್ಷೆ ನಡೆಸುತ್ತಾರೆ. ಎಳೆ ಗಿಡದ ಸುಳಿಗೆ ಹರಳು ಮದ್ದು ಉದುರಿಸುವುದು, ಕೊಯ್ಲಿನ ಹೊತ್ತಿಗೆ ದಂಟು ಸೀಳಿ ಹುಳ ಕೊರೆದ ದಾರಿ ಅಳೆಯುವುದು ರೊಸೆಂಡಾರ ಕೆಲಸ. ಹೊಲದ ಮೂರು ಕಡೆ ಒಂದೊಂದು ಸಾಲಿಗೆ ಮದ್ದು ಹಾಕುವುದೇ ಇಲ್ಲ. ಈಗ ಅವರು ನಿಂತಿರುವುದು ಅಂಥದ್ದೊಂದು ಸಾಲಿನಲ್ಲಿ. ಅಲ್ಲಿ ಹುಳ ತಿಂದಿದ್ದರೆ ತಾನೇ ಪಕ್ಕದ ಸಾಲನ್ನು ಉಳಿಸಿದ್ದು ಮದ್ದು ಎನ್ನಬಹುದು? ಮುಂದಿನ ಬಿತ್ತನೆಗೆ ಯಾವುದನ್ನು ಕೊಳ್ಳಲಿ ಎಂದು ಊರವರು ಕೇಳುವುದು ಇವರನ್ನೇ.

"ನಾನು ತಪ್ಪು ಹೇಳಿದ್ರೆ ಅವರ ಮನೆ ಮಕ್ಕಳ ತಟ್ಟೇಲಿ ಊಟ ಕಮ್ಮಿಯಾಗುತ್ತೆ" ಎನ್ನುತ್ತಾರೆ. ಮನೆಗೆ ಹೋದರೆ ಮೊಣಕೈವರೆಗೂ ಸೋಪು ಹಚ್ಚಿ ಉಜ್ಜದೆ ಮೊಮ್ಮಗಳನ್ನು ಮುಟ್ಟುವುದಿಲ್ಲ. "ಉಜ್ಜಿದ ಮೇಲೂ ಮೂಸಿ ನೋಡ್ತೀನಿ. ಭಯ ಹೋಗಲ್ಲ."

ಎಲೆಯ ಸಂದಿನಲ್ಲಿ ಅವರ ಬೆರಳಿಗೆ ಏನೋ ತಾಗುತ್ತದೆ. ಮದ್ದಿನ ಹರಳು. ಅಷ್ಟರಲ್ಲಿ ಹೊಲದ ಒಡೆಯ, ಗಂಡನ ಅಣ್ಣ ವಿದಾಲ್ ಕಾಫಿ ಹಿಡಿದು ಬರುತ್ತಾರೆ. ರೊಸೆಂಡಾ ಅವರನ್ನು ಕರೆಯುವುದು ಮನೋಂಗ್, ಅಂದರೆ ಅಣ್ಣ ಎಂದು.

"ಇದನ್ನ ಇಲ್ಲಿಗೆ ಹಾಕಿದ್ಯಾರು, ಮನೋಂಗ್?"

"ನಾನೇ. ಡಬ್ಬಿ ತಳದಲ್ಲಿ ಒಂಚೂರು ಉಳಿದಿತ್ತು. ಎಲೆಯೆಲ್ಲ ತೂತು ಬಿದ್ದಿತ್ತು, ನೋಡಕ್ಕಾಗ್ಲಿಲ್ಲ. ಹುಳಕ್ಕೆ ಊಟ ಬಡಿಸೋ ಕಲ್ಲೆದೆ ನಿಂಗಿರಬಹುದು, ನಂಗಿಲ್ಲ."

"ಕಾಲುವೆ ಕಡೆ ಸಾಲಿಗೆ?"

"ಅದಕ್ಕೂ ಹಾಕ್ದೆ."

ವಿದಾಲ್ ಕೊಟ್ಟ ಕಾಫಿ ರೊಸೆಂಡಾರ ಕೈಯಲ್ಲೇ ಉಳಿಯುತ್ತದೆ. "ಹುತ್ತದ ಪಕ್ಕದ್ದಕ್ಕೆ?"

"ಹುತ್ತದಜ್ಜನ ಮೈಮೇಲೆ ವಿಷ ಉದುರಿಸೋದಾ? ನಂಗಿನ್ನೂ ಬದುಕೋ ಆಸೆ ಇದೆ ಕಣಮ್ಮ. ಆ ಕಡೆ ತಲೇನೂ ಹಾಕಿಲ್ಲ."

ಲೋಟವನ್ನು ಅವರ ಕೈಗೇ ಕೊಟ್ಟು ರೊಸೆಂಡಾ ಓಡುತ್ತಾರೆ. ಕೆಣಕಿದವರಿಗೆ ಕೇಡು ಮಾಡುವ ಅಜ್ಜನೊಬ್ಬ ಒಳಗಿದ್ದಾನೆಂದು ಊರೇ ನಂಬುವ ಹುತ್ತದ ಮುಂದೆ ತಲೆ ತಗ್ಗಿಸಿ "ದಾಟ್ತೀನಜ್ಜ, ಬೇಜಾರು ಮಾಡ್ಕೋಬೇಡ" ಎನ್ನುತ್ತಾರೆ. ಪಕ್ಕದ ಸಾಲಿನ ದಂಟೊಂದನ್ನು ಸೀಳುತ್ತಾರೆ. ಬೆಂಡಿನ ನಡುವೆ ಕಂದು ದಾರಿ. ಅದರ ಕೊನೆಯಲ್ಲಿ ಮೈ ಮುದುರಿಕೊಂಡ ಹುಳ.

"ಇದ್ದೀಯಾ, ಕಂದಾ" ಎಂದು ಅಲ್ಲೇ ಕುಸಿದು ಕೂರುತ್ತಾರೆ.

ಎರಡು ಸಾಲು ಹಾಳಾದದ್ದನ್ನು ಇಂದೇ ಕೇಂದ್ರದವರಿಗೆ ಹೇಳಬೇಕು. ಉಳಿದ ಒಂದೇ ಸಾಲು ಸಾಕೆನ್ನುತ್ತಾರೋ, ಪರೀಕ್ಷೆಯನ್ನೇ ಕೈಬಿಡುತ್ತಾರೋ ಗೊತ್ತಿಲ್ಲ.

"ಒಪ್ಪದಿದ್ರೆ ಮತ್ತೆ ಬಿತ್ತೋಣ" ಎನ್ನುತ್ತಾರೆ ರೊಸೆಂಡಾ, ಮುಂದಿನ ದಂಟಿಗೆ ಕೈ ಹಾಕುತ್ತ. "ಆಗ ಮೂರು ಸಾಲನ್ನೂ ಹುತ್ತದ ಸುತ್ತಾನೇ ಕೊಡಿ ಅಂತ ಕೇಳ್ತೀನಿ, ಅಷ್ಟೇ."