ಮೂರು ಚಾವಿ ಸಿಗದೆ ಸಹಿ ಇಲ್ಲ

ಬೆಳಗಿನ ಐದೂವರೆ. ವಿಲ್ಮ್‌ಸ್ಲೋ ರಸ್ತೆಯಲ್ಲಿ ಮೊದಲ ಬಸ್ಸುಗಳು ಖಾಲಿಯಾಗಿಯೇ ಯೂನಿವರ್ಸಿಟಿ ಕಡೆ ಓಡುತ್ತಿವೆ. ಮ್ಯಾಂಚೆಸ್ಟರಿನ ಫಾಲೋಫೀಲ್ಡ್ ಬಡಾವಣೆಯ ನಾಲ್ಕಂತಸ್ತಿನ ಖಾಸಗಿ ಹಾಸ್ಟೆಲೊಂದರ ಹಿಂಬಾಗಿಲ ಮುಂದೆ ಫಹ್ಮೀದಾ ನದಾಫ ನಿಂತಿದ್ದಾರೆ. ತಲೆಗೆ ಉಣ್ಣೆಯ ಸ್ಕಾರ್ಫು, ಮೈಮೇಲೆ ಕಂಪನಿಯ ನೀಲಿ ಜಾಕೆಟ್ಟು. ಕೀಲಿಕೈ ತೆಗೆಯುವ ಮೊದಲು ಬಾಗಿಲಿಗೆ ಭುಜ ಕೊಟ್ಟು ಮೆಲ್ಲಗೆ ತಳ್ಳುತ್ತಾರೆ. ಬಾಗಿಲು ಏನೂ ಅನ್ನದೆ ತೆರೆದುಕೊಳ್ಳುತ್ತದೆ.

"ನೋಡಿದ್ರಿಲ್ರಿ? ಒಳಗ ಅರವತ್ತೆರಡು ಮಕ್ಕಳು ಮಲ್ಕೊಂಡಾವ. ಬಾಗ್ಲಾ ಹಿಂಗ ಬಿದ್ದೈತಿ" ಎನ್ನುತ್ತಾ ಫೋನಿನಲ್ಲಿ ಫೋಟೊ ತೆಗೆದು ಆಫೀಸಿಗೆ ಕಳಿಸುತ್ತಾರೆ. ಇದೇ ಬಾಗಿಲಿನ ಬಗ್ಗೆ ಅವರು ಕಳಿಸುತ್ತಿರುವ ಒಂಬತ್ತನೇ ಫೋಟೊ ಇದು. ಎಂಟಕ್ಕೂ ಧನ್ಯವಾದದ ಉತ್ತರ ಬಂದಿದೆ, ಬಡಗಿ ಮಾತ್ರ ಬಂದಿಲ್ಲ.

ಫಹ್ಮೀದಾ ಈ ಹಾಸ್ಟೆಲಿನ ಕೇರ್‌ಟೇಕರ್. ಊರು ಹುಬ್ಬಳ್ಳಿ, ವಯಸ್ಸು ಐವತ್ತನಾಲ್ಕು. ಗಂಡ ಶಾರಿಕ್ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಅವರ ನೌಕರಿಯ ಬೆನ್ನಿಗೇ ಇಂಗ್ಲೆಂಡಿಗೆ ಬಂದವರು. ಏಳು ವರ್ಷಗಳಿಂದ ಇಲ್ಲಿ ದಿನಕ್ಕೆ ಎರಡು ಸಲ ನಾಲ್ಕೂ ಅಂತಸ್ತು ಹತ್ತಿಳಿಯುತ್ತಾರೆ, ಆರು ಹೊರಬಾಗಿಲು, ಬೆಂಕಿ ಹರಡದಂತೆ ತಡೆಯುವ ಹದಿನಾಲ್ಕು ಬಾಗಿಲುಗಳನ್ನು ತಳ್ಳಿ ನೋಡುತ್ತಾರೆ. ಮಂಡಿ ನೋವಿಗೆ ಡಾಕ್ಟರು ಕೊಟ್ಟ ಸಲಹೆ, ಮೆಟ್ಟಿಲು ಹತ್ತಬೇಡಿ ಎಂದು. "ಆತ್ರಿ ಡಾಕ್ಟ್ರ ಅಂದು ಬಂದೆ, ಮತ್ತೇನ್ ಮಾಡ್ಲಿ?" ಎಂದು ನಗುತ್ತಾರೆ.

ಆದರೆ ಈ ತಿಂಗಳ ಕೊನೆಗೆ ಈ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಕಾರಣ ಒಂದು ಸಹಿ. "ಕಟ್ಟಡದ ಎಲ್ಲ ಕೀಲಿಕೈಗಳೂ ನನ್ನ ವಶದಲ್ಲಿವೆ" ಎಂದು ಕೇರ್‌ಟೇಕರ್ ಪ್ರತಿ ವರ್ಷ ಬರೆದುಕೊಡಬೇಕೆಂದು ಕಂಪನಿ ಈ ವರ್ಷ ಹೊಸ ನಿಯಮ ತಂದಿದೆ. ಫಹ್ಮೀದಾ ಕೊಟ್ಟಿಲ್ಲ. ಕೊಡುವುದೂ ಇಲ್ಲವಂತೆ.

ಅವರ ಅಬ್ಬಾ ಹುಬ್ಬಳ್ಳಿಯ ದುರ್ಗದಬೈಲಿನ ಫುಟ್‌ಪಾತಿನಲ್ಲಿ ಕೀಲಿಕೈ ಮಾಡಿಕೊಡುತ್ತಿದ್ದರು. ಒಂದು ಮರದ ಪೆಟ್ಟಿಗೆ, ನಾಲ್ಕು ಅರ, ಒಂದೇ ಒಂದು ಹಟ. ಬೀಗ ಕಣ್ಣಾರೆ ನೋಡದೆ ಕೀಲಿಕೈ ಕೊರೆಯುವವರಲ್ಲ. ಒಮ್ಮೆ ಯಾರೋ ಸಾಬೂನಿನ ಮೇಲೆ ಅಚ್ಚು ಒತ್ತಿಸಿ ತಂದಿದ್ದರು. ಅಬ್ಬಾ ಆ ಸಾಬೂನು ತಗೊಂಡು ಕೊಡದಲ್ಲಿದ್ದ ನೀರಿನಿಂದ ಅಲ್ಲೇ ಕೈ ತೊಳೆದುಕೊಂಡರು, ಒರೆಸಿ ವಾಪಸ್ಸು ಕೊಟ್ಟರು. "ಅಚ್ಚು ಹೋತು, ಅಂವಾನೂ ಹೋದ. ಅಂಥವ್ರ ಮಗಳರಿ ನಾನು" ಎನ್ನುವಾಗ ಅವರ ದನಿ ಏರುತ್ತದೆ.

ಅಂಥವರ ಮಗಳು ಇಲ್ಲಿಗೆ ಬಂದಾಗ ಕಂಡದ್ದೇನು? ಕೀಲಿಕೈಗಳ ಕಪಾಟಿಗೆ ಬೀಗವಿತ್ತು; ಆ ಬೀಗದ ಕೀಲಿಕೈ ಕಪಾಟಿನ ತಲೆಯ ಮೇಲೆಯೇ ಇತ್ತು. ಪ್ರತಿ ಕೀಲಿಕೈಗೂ ರೂಮಿನ ನಂಬರಿನ ಜೊತೆ ಕಟ್ಟಡದ ಹೆಸರು, ಪೋಸ್ಟ್‌ಕೋಡ್ ಬರೆದ ಚೀಟಿ ಬೇರೆ. ಕಳೆದುಹೋದರೆ ಸಿಕ್ಕವನಿಗೆ ದಾರಿ ಕೇಳುವ ಕಷ್ಟವೂ ಇಲ್ಲ!

ಫಹ್ಮೀದಾ ಚೀಟಿಗಳನ್ನೆಲ್ಲ ಕಿತ್ತು ಕನ್ನಡ ಅಂಕಿಯಲ್ಲಿ ನಂಬರು ಬರೆದರು. ಮ್ಯಾಂಚೆಸ್ಟರಿನಲ್ಲಿ ಇದನ್ನು ಓದುವವರು ಯಾರು ಎಂಬ ಧೈರ್ಯ. ಆರು ವರ್ಷ ಆ ಉಪಾಯ ನಡೆಯಿತು. ಆಮೇಲೆ ಬಂದ ಮೈಸೂರಿನ ಎಂಎಸ್‌ಸಿ ಹುಡುಗಿ ಶರ್ವಾಣಿ ಮೊದಲ ವಾರವೇ ಕೌಂಟರಿನ ಮೇಲೆ ಬಗ್ಗಿ, "ಆಂಟಿ, ಈ ೪೭ ನನ್ ರೂಮಲ್ವಾ?" ಎಂದಳು. ಆಮೇಲೆ ಎಣಿಸಿ ನೋಡಿದರೆ ಹಾಸ್ಟೆಲಿನಲ್ಲಿ ಹನ್ನೊಂದು ಮಂದಿ ಕರ್ನಾಟಕದವರು. ಆ ಕತೆ ಹೇಳುವಾಗ ಫಹ್ಮೀದಾ ಹಣೆ ಚಚ್ಚಿಕೊಳ್ಳುತ್ತಾರೆ.

ಈಗ ಚೀಟಿಗಳ ಮೇಲೆ ನಂಬರೇ ಇಲ್ಲ. ಇರುವುದು ಅವರು ಓದಿದ ಹುಬ್ಬಳ್ಳಿ ಸಾಲೆಯ ಏಳನೇ ಇಯತ್ತೆಯ ಹಾಜರಿಯ ಹೆಸರುಗಳು, ರೂಮಿಗೊಂದರಂತೆ. ಕ್ಲಾಸಿನಲ್ಲಿದ್ದವರು ಐವತ್ತೆಂಟು, ಉಳಿದ ನಾಲ್ಕು ರೂಮುಗಳಿಗೆ ಮಾಸ್ತರರ ಹೆಸರು. ಹಾಜರಿಯ ಕ್ರಮ ಅವರಿಗೆ ಇಂದಿಗೂ ಬಾಯಿಪಾಠ. ಅವರಿಲ್ಲದ ದಿನಕ್ಕೆಂದು ಪಟ್ಟಿಯ ಒಂದು ಪ್ರತಿ, ಅಂಟಿನ ಮೇಲೆ ಸಹಿ ಮಾಡಿದ ಲಕೋಟೆಯಲ್ಲಿ, ತಿಜೋರಿಯೊಳಗಿದೆ. ಗಂಗವ್ವ ಎಂದರೆ ಯಾವ ರೂಮು? "ಅದನ್ನ ಗಂಗವ್ವಗೂ ಹೇಳೂದಿಲ್ರಿ."

ಇಷ್ಟೆಲ್ಲ ಮಾಡಿದರೂ ಅವರ ಕೈಗೆ ಪೂರ್ತಿ ಸಿಗದ್ದು ಮಾಸ್ಟರ್ ಕೀ. ಅದೊಂದಿದ್ದರೆ ಅರವತ್ತೆರಡೂ ರೂಮು ತೆರೆಯುತ್ತವೆ. ಮಾಡಿಸಿದ್ದು ಐದು, ತಿಜೋರಿಯಲ್ಲಿರುವುದು ಎರಡು. ಉಳಿದ ಮೂರನ್ನು ಇವರು ಬರುವ ಮೊದಲೇ ಯಾರೋ ಒಯ್ದಿದ್ದರು. ಯಾರು ಎಂಬುದಕ್ಕೆ ಎಲ್ಲೂ ಒಂದು ಸಾಲಿಲ್ಲ.

ಕಳೆದ ಫೆಬ್ರುವರಿಯಲ್ಲಿ ಶರ್ವಾಣಿಯ ಲ್ಯಾಪ್‌ಟಾಪ್ ಕಳುವಾಯಿತು. ಬಾಗಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹುಡುಗಿಯೇ ಬೀಗ ಹಾಕಿರಲಿಲ್ಲ ಎಂದು ಕಂಪನಿ ಕೈತೊಳೆದುಕೊಂಡಿತು. "ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಇತ್ತು. ಅಮ್ಮ ಕೂಡ ಫೋನಲ್ಲಿ, ಸರಿಯಾಗಿ ಲಾಕ್ ಮಾಡಿದ್ಯೇನೇ ಅಂತ ಕೇಳಿದ್ರು. ನನ್ ಮಾತು ನಂಬಿದ್ದು ಆಂಟಿ ಒಬ್ರೇ" ಎನ್ನುತ್ತಾಳೆ ಶರ್ವಾಣಿ. ಆ ಹುಡುಗಿಯನ್ನು ಸುಳ್ಳಿ ಮಾಡಿದ್ದು ಫಹ್ಮೀದಾರಿಗೆ ಇವತ್ತಿಗೂ ಸಿಟ್ಟು. "ನಾ ಸಹಿ ಹಾಕಿದ್ರ ಏನಾಕ್ಕೈತಿ? ಚಾವಿ ಎಲ್ಲಾ ಇಲ್ಲೇ ಅದಾವ, ಹುಡುಗೀದ ತಪ್ಪು ಅಂತ ನಾನೂ ಹೇಳಿದಂಗ ಆಕ್ಕೈತಿ."

ಮೊನ್ನೆ ಮಂಗಳವಾರ ವಿಚಾರಣೆ. ಮೇಜಿನ ಆ ಕಡೆ ಪ್ರಾದೇಶಿಕ ಮ್ಯಾನೇಜರರೂ ಇನ್ನಿಬ್ಬರೂ, ಈ ಕಡೆ ಫಹ್ಮೀದಾ ಒಬ್ಬರೇ. ಪರಭಾಷೆಯ ಚೀಟಿ ಯಾಕೆ, ಸಹಿ ಯಾಕಿಲ್ಲ, ಕಾಂಟ್ರ್ಯಾಕ್ಟ್ ಮುಂದುವರಿಯುವುದು ಬೇಡವೇ ಎಂದೆಲ್ಲ ಕೇಳಿದರು. ಎಲ್ಲ ಕೇಳಿಸಿಕೊಂಡ ಮೇಲೆ ಇವರು ಒಂದೇ ಮಾತು ಕೇಳಿದರು: ದಯವಿಟ್ಟು ಎಲ್ಲರೂ ನಿಮ್ಮ ನಿಮ್ಮ ಕೀ ಗೊಂಚಲು ಮೇಜಿನ ಮೇಲೆ ಇಡಿ.

ಮ್ಯಾನೇಜರ್ ನಗುತ್ತಲೇ ಇಟ್ಟರು. ಕಾರಿನ ಕೀ, ಮನೆಯ ಕೀ, ಜಿಮ್ಮಿನ ಲಾಕರಿನ ಕೀ. ಅವುಗಳ ನಡುವೆ, ತಲೆಯ ಮೇಲೆ ಮೂರು ಎಂದು ಕೊರೆದಿದ್ದ ಮಾಸ್ಟರ್ ಕೀ. ಎಂಟು ವರ್ಷದ ಹಿಂದೆ ಯಾವುದೋ ರಿಪೇರಿಗೆಂದು ಒಯ್ದವರು ಮರೆತೇ ಬಿಟ್ಟಿದ್ದರಂತೆ! ಬಾರಿಗೆ, ಜಿಮ್ಮಿಗೆ, ಸ್ಪೇನಿನ ರಜೆಗೆ, ಅರವತ್ತೆರಡು ಮಕ್ಕಳ ಬಾಗಿಲು ಅವರ ಜೇಬಿನಲ್ಲಿ ಹೋಗಿ ಬಂದಿದೆ. ಫಹ್ಮೀದಾ ಅದನ್ನು ಗೊಂಚಲಿನಿಂದ ಬಿಡಿಸಿ ತಮ್ಮ ಕಡೆ ಇಟ್ಟುಕೊಂಡರು. ಆಮೇಲೆ ಸಹಿಯ ಫಾರಂ ಎಳೆದುಕೊಂಡು, ಐದರಲ್ಲಿ ಮೂರು ಇವೆ, ಎರಡು ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಅದರ ಕೆಳಗೆ ಸಹಿ ಹಾಕಿದರು.

ಮರುದಿನವೇ ಅದೇ ಫಾರಂ ಖಾಲಿಯಾಗಿ ಮತ್ತೆ ಬಂತು. ಹಾಗೆಲ್ಲ ಬರೆಯುವಂತಿಲ್ಲವಂತೆ. ಶುಕ್ರವಾರದೊಳಗೆ ಸರಿಯಾಗಿ ಸಹಿ ಮಾಡದಿದ್ದರೆ ಕಾಂಟ್ರ್ಯಾಕ್ಟ್ ಇಲ್ಲ. ಮನೆಯಲ್ಲಿ ಶಾರಿಕ್ ಏನಂದರು? "ಮನೀ ಸಾಲದ ಮಾರ್ಟ್‌ಗೇಜ್ ನೆನಪ ಮಾಡಿದ್ರು. ಆಮ್ಯಾಲ ತಾವ ಚಾ ಮಾಡಿ ಕೊಟ್ರು. ಹಂಗಂದ್ರ ಹೂಂ ಅಂದಂಗ."

ಏಳೂವರೆಗೆ ಸುತ್ತು ಮುಗಿಯುತ್ತದೆ. ನಲವತ್ತೇಳನೇ ರೂಮಿನ ಮುಂದೆ ಅವರು ಒಂದು ಗಳಿಗೆ ಹೆಚ್ಚು ನಿಂತು ಹಿಡಿಕೆಯನ್ನು ಮೆಲ್ಲಗೆ ತಿರುವಿ ನೋಡುತ್ತಾರೆ. ಬೀಗ ಬಿದ್ದಿದೆ. ಖಾಲಿ ಫಾರಂ ಜಾಕೆಟ್ಟಿನ ಜೇಬಿನಲ್ಲಿ ಮಡಚಿಕೊಂಡಿದೆ. ಇವತ್ತು ಗುರುವಾರ.

ನಾಳೆ ಏನು ಮಾಡುತ್ತೀರಿ ಎಂದರೆ ಮೆಟ್ಟಿಲಿಳಿಯುತ್ತಲೇ ಹೇಳುತ್ತಾರೆ: "ಅರವತ್ತೆರಡು ಬಾಗ್ಲಕ್ಕೂ ಹೊಸಾ ಬೀಗ ಬೀಳ್ಲಿ. ಆವಾಗ ಎಲ್ಲಿ ಬೇಕಂತಾರ ಅಲ್ಲಿ ಸಹಿ ಹಾಕ್ತೀನಿ. ಪೆನ್ನೂ ನಾನ ತರ್ತೀನಿ."